ಬಾಡಿಗೆ ಹಿಮ್ಮೇಳ, ಸ್ವಂತ ಪದ್ಯ

ಪ್ರಶ್ನೆ: ಡೇವಿಡ್ ಬೋವಿ ಎಂಬ ಇಂಗ್ಲೆಂಡಿನ ರಾಕ್ ಹಾಡುಗಾರ ಅಮೆರಿಕಕ್ಕೆ ಹೋಗಿ, ಸೆಷನ್ ಕಲಾವಿದರಿಗೆ ದುಡ್ಡು ಕೊಟ್ಟು ಸೌಲ್ ಸಂಗೀತದ ಆಲ್ಬಮ್ ಮಾಡಿದ್ದನಂತೆ. ಮಗ ದಿನವಿಡೀ ಅದನ್ನೇ ಹಾಕುತ್ತಾನೆ. ಸಂಬಳಕ್ಕೆ ಬಾರಿಸಿದ್ದು ಇವನ ಸಂಗೀತ ಹೇಗಾಯಿತು? ಇನ್ನೊಂದು: ಅದರಲ್ಲಿ ಊದುವುದು ನಮ್ಮ ಮದುವೆಯ ಸ್ಯಾಕ್ಸೋಫೋನೇ?
– ಓದುಗರೊಬ್ಬರು, ಬದಿಯಡ್ಕ

ಉತ್ತರ: ಬದಿಯಡ್ಕದವರು ಕೇಳುವ ಪ್ರಶ್ನೆಯೇ ಇದು ಮಾರಾಯ್ರೆ! ನಿಮ್ಮಲ್ಲಿ ಯಕ್ಷಗಾನದ ಆಟ ಆಗುವಾಗ ಚೆಂಡೆಯವರು ಒಂದು ಊರಿಂದ, ಮದ್ದಳೆಯವರು ಇನ್ನೊಂದು ಊರಿಂದ ಬರುವುದಿಲ್ಲವೇ? ಹಿಮ್ಮೇಳಕ್ಕೆ ಸಂಭಾವನೆ ಕೊಟ್ಟರೆಂದು ಭಾಗವತರ ಪದ್ಯ ಬೇರೆಯವರದಾಗುತ್ತದೆಯೇ? ಸೆಷನ್ ಕಲಾವಿದನೂ ಹಾಗೆಯೇ. ಒಂದೇ ಮೇಳಕ್ಕೆ ಕಟ್ಟುಬೀಳದೆ, ಕರೆದ ದಿನ ಸ್ಟುಡಿಯೊಗೆ ಬಂದು ಬಾರಿಸಿ ಹೋಗುವವ.

ನೀವು ಹೇಳುವ ಆಲ್ಬಮ್ 1975ರ 'ಯಂಗ್ ಅಮೆರಿಕನ್ಸ್'. ಮುಖಕ್ಕೆ ಬಣ್ಣ ಹಚ್ಚಿ ರಾಕ್ ಹಾಡಿ ಹೆಸರು ಮಾಡಿದ್ದ ಬೋವಿ, 1974ರ ಆಗಸ್ಟಿನಲ್ಲಿ ತಿರುಗಾಟದ ನಡುವೆಯೇ ಫಿಲಡೆಲ್ಫಿಯಾದ ಸಿಗ್ಮಾ ಸೌಂಡ್ ಸ್ಟುಡಿಯೊಗೆ ಹೋದ. ಅಮೆರಿಕದ ಕಪ್ಪು ಜನರ ಹಾಡುಗಾರಿಕೆಯಾದ ಸೌಲ್‌ನ ಕಮ್ಮಟವೇ ಅದು. ಆದರೆ ಅಲ್ಲಿನ ಖಾಯಂ ವಾದ್ಯದವರಲ್ಲಿ ಸಿಕ್ಕಿದ್ದು ಕೋಂಗಾ ಎಂಬ ಕೈಯಲ್ಲಿ ಬಾರಿಸುವ ಉದ್ದ ಡೋಲಿನ ಲ್ಯಾರಿ ವಾಷಿಂಗ್ಟನ್ ಒಬ್ಬರೇ. ಉಳಿದವರನ್ನು ಹೊರಗಿನಿಂದ ಕರೆಸಿದ: ಬಾಸ್ ಎಂಬ ತಗ್ಗು ದನಿಯ ಗಿಟಾರಿಗೆ ವಿಲ್ಲಿ ವೀಕ್ಸ್, ಡ್ರಮ್ಸಿಗೆ ಆ್ಯಂಡಿ ನ್ಯೂಮಾರ್ಕ್, ಗಿಟಾರಿಗೆ ಕಾರ್ಲೋಸ್ ಅಲೋಮಾರ್. ಅಲೋಮಾರ್ ತನ್ನ ಗೆಳೆಯನನ್ನೂ ಜತೆಗೆ ಕರೆತಂದಿದ್ದ. ಆ ಗೆಳೆಯನೇ ಮುಂದೆ ಹಾಡುಗಾರನಾಗಿ ಹೆಸರಾದ ಲೂಥರ್ ವ್ಯಾಂಡ್ರಾಸ್. ಆಗ ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಧ್ವನಿಮುದ್ರಣ ಕೇಳುತ್ತ ಕೂತಿದ್ದಾಗ ತನ್ನಷ್ಟಕ್ಕೆ ಒಂದು ಸೊಲ್ಲು ಗುನುಗಿದ. ಬೋವಿ ಅದನ್ನು ಕೇಳಿಸಿಕೊಂಡು 'ಯಂಗ್ ಅಮೆರಿಕನ್ಸ್' ಎಂಬ ಹಾಡಿಗೇ ಸೇರಿಸಿದ! ನಮ್ಮ ಭಜನೆಯಲ್ಲಿ ಒಬ್ಬರು ಹೇಳಿ ಉಳಿದವರು ಎತ್ತಿಕೊಳ್ಳುತ್ತಾರಲ್ಲ, ಆ ಹಾಡಿನ ಜೀವ ಅಂಥ ಎತ್ತುಗಡೆಯಲ್ಲೇ ಇದೆ.

ಬಾಡಿಗೆಗೆ ಬಂದವನ ಗುನುಗು ಕೇಳುವ ಕಿವಿ ಎಲ್ಲರಿಗೂ ಇರುವುದಿಲ್ಲ. ನನಗಿರಲಿಲ್ಲ. ಎಂಬತ್ತರ ದಶಕದಲ್ಲಿ ಕಾಸರಗೋಡಿನಲ್ಲಿ ನಾವು ನಾಲ್ಕು ಜನ ಸೇರಿ ಮದುವೆಗಳಿಗೆ ಆರ್ಕೆಸ್ಟ್ರಾ ಮಾಡುತ್ತಿದ್ದೆವು. ಹಾಡುವುದು ನಾನು. ಒಮ್ಮೆ ಮಂಗಳೂರಿನಿಂದ ಡ್ರಮ್ಸಿಗೆ ಒಬ್ಬರನ್ನು ಕರೆಸಿದ್ದೆವು, ಬಸ್ಸಿನ ಖರ್ಚು, ಊಟ, ಮೇಲೆ ಐವತ್ತು ರೂಪಾಯಿ. ಎರಡನೇ ಹಾಡಿಗೇ ಅವರು ಕೋಲು ಕೆಳಗಿಟ್ಟು, ಮೈಕಿಗೆ ಕೇಳದಂತೆ ಬಗ್ಗಿ, "ಅಣ್ಣಾ, ಎಂತಕ್ಕೆ ಓಡುವುದು? ತಾಳ ಎಲ್ಲಿಗೂ ಹೋಗುವುದಿಲ್ಲ" ಎಂದರು. ಐವತ್ತು ರೂಪಾಯಿ ಕೊಡುವವ ನಾನು, ನನಗೇ ಪಾಠವೇ ಎಂದು ಇನ್ನೂ ಜೋರಾಗಿ ಓಡಿದೆ. ಮುಂದಿನ ಮದುವೆಗೆ ಅವರು ಬರಲಿಲ್ಲ.

ಸೌಲ್‌ನಲ್ಲಿ ಹಾಗೆ ಓಡಿದರೆ ಎಲ್ಲ ಮುಗಿಯಿತು. ಬಾಸ್ ಮತ್ತು ಡ್ರಮ್ಸ್ ಒಂದಕ್ಕೊಂದು ಅಂಟಿಕೊಂಡು ಕೊಂಚ ಹಿಂದಕ್ಕೆ ಒರಗಿ ನಡೆಯುತ್ತವೆ. ಹಾಡುವವ ಅದರ ಮೇಲೆ ಆರಾಮವಾಗಿ ಕೂರಬೇಕು. ಬೋವಿಯ ಗಂಟಲು ಆ ಮನೆಯದಲ್ಲ. ತನ್ನದನ್ನು 'ಪ್ಲಾಸ್ಟಿಕ್ ಸೌಲ್', ಅಂದರೆ ನಕಲಿ ಸೌಲ್ ಎಂದು ಅವನೇ ಕರೆದುಕೊಂಡಿದ್ದಾನೆ. ನನಗೂ ಒಂದೆರಡು ಹಾಡು ಸಪ್ಪೆ ಅನ್ನಿಸುತ್ತವೆ. ಹಿಮ್ಮೇಳ ಮಾತ್ರ ಎಲ್ಲಿಯೂ ಪ್ಲಾಸ್ಟಿಕ್ ಅಲ್ಲ.

ಸ್ಯಾಕ್ಸೋಫೋನು ಅದೇ. ಊದಿದವರು ಡೇವಿಡ್ ಸ್ಯಾನ್‌ಬೋರ್ನ್, ಆಲ್ಟೊ ಸ್ಯಾಕ್ಸ್. ನಮ್ಮ ಕದ್ರಿ ಗೋಪಾಲನಾಥರು ಗಮಕಕ್ಕೆ ಒಗ್ಗಿಸಿಕೊಂಡದ್ದೂ ಆಲ್ಟೊವನ್ನೇ. ಮಗನ ಕೋಣೆಯಿಂದ ಅದು ಕೇಳಿದಾಗ ದಿಬ್ಬಣ ಬಂತೆಂದು ನೀವು ಎದ್ದು ಹೊರಗೆ ಬಂದಿದ್ದರೆ ತಪ್ಪೇನಿಲ್ಲ.

ಇನ್ನು 'ಇವನ ಸಂಗೀತವೇ' ಎಂಬ ಮೊದಲ ಪ್ರಶ್ನೆ. ಅದೇ ಆಲ್ಬಮ್‌ನಲ್ಲಿ 'ಫೇಮ್' ಎಂಬ ಹಾಡಿದೆ. 1975ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ಧ್ವನಿಮುದ್ರಣವಾಯಿತು, ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಏರಿತು. ಗಿಟಾರಿನ ಒಂದೇ ವರಸೆ ಮತ್ತೆ ಮತ್ತೆ ಬರುತ್ತದಲ್ಲ, ಅದು ಅಲೋಮಾರನದು. ಹಾಡಿನ ಕರ್ತೃಗಳ ಸಾಲಿನಲ್ಲಿ ಬೋವಿ, ಬೀಟಲ್ಸ್ ತಂಡದಲ್ಲಿದ್ದ ಜಾನ್ ಲೆನನ್ ಇಬ್ಬರ ಜತೆ ಮೂರನೆಯ ಹೆಸರಿದೆ: ಕಾರ್ಲೋಸ್ ಅಲೋಮಾರ್.