ಮುಚ್ಚಿದ ಕಾರ್ಖಾನೆಯ ಜಾಗದಲ್ಲಿ ಮೈದಾನ ಮಾಡಬಹುದೇ? ಮಲಿನ ನೆಲದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಮ್ಮ ಬಡಾವಣೆಯ ಪಕ್ಕದಲ್ಲಿ ಮುಚ್ಚಿಹೋದ ಕ್ರೋಮ್ ಲೇಪನದ ಕಾರ್ಖಾನೆಯ ಜಾಗವಿದೆ. ಅಲ್ಲಿ ಮಕ್ಕಳ ಮೈದಾನ ಮಾಡಬೇಕೆಂದು ನಿವಾಸಿಗಳ ಸಂಘದ ಆಸೆ. ಸರ್ವೆಗೆ ಬಂದವರು ಹತ್ತು ಕಡೆಯ ಮಣ್ಣನ್ನು ಒಟ್ಟಿಗೆ ಬೆರೆಸಿ, ಒಂದೇ ಮಾದರಿ ಮಾಡಿ ಪರೀಕ್ಷೆಗೆ ಕಳಿಸಿದರು. ‘ತೊಂದರೆ ಇಲ್ಲ’ ಎಂದು ವರದಿ ಬಂದಿದೆ. ನಂಬಬಹುದೇ?

ಉತ್ತರ: ನಂಬಬೇಡಿ. ಲೆಕ್ಕ ಹಾಕಿ ನೋಡಿ. ಒಂಬತ್ತು ಕಡೆ ಕಿಲೋ ಮಣ್ಣಿಗೆ 50 ಮಿಲಿಗ್ರಾಂ ಸೀಸ, ಹತ್ತನೆಯ ಕಡೆ 2000 ಮಿಲಿಗ್ರಾಂ ಇದೆ ಎಂದುಕೊಳ್ಳೋಣ. ಎಲ್ಲವನ್ನೂ ಬೆರೆಸಿದರೆ ಬರುವುದು 245. ನೀವು ಒಪ್ಪಿದ ಮಿತಿ 300 ಆಗಿದ್ದರೆ ಜಾಗ ಪಾಸಾಯಿತು, ಆ ಹತ್ತನೆಯ ಮೂಲೆಯಲ್ಲೇ ಉಯ್ಯಾಲೆಯೂ ನಿಂತಿತು. ಬೆರೆಸಿದ ಮಾದರಿ ಹೊಲದ ಗೊಬ್ಬರದ ಲೆಕ್ಕಕ್ಕೆ ಸರಿ, ವಿಷ ಹುಡುಕುವುದಕ್ಕಲ್ಲ.

ಗುದ್ದಲಿ ಹಿಡಿಯುವ ಮೊದಲು ಜಾಗದ ಚರಿತ್ರೆ ಕೆದಕಬೇಕು. ಹಳೇ ನಕ್ಷೆ, ವೈಮಾನಿಕ ಚಿತ್ರ, ಪರವಾನಗಿ ಕಡತ, ಕಟ್ಟಡದ ಪ್ಲಾನ್ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ದುಡಿದ ಹಳಬರನ್ನು ಮಾತಾಡಿಸಿ. ‘ಕೆಸರು ಎಲ್ಲಿ ಸುರಿಯುತ್ತಿದ್ದಿರಿ?’ ಎಂಬ ಒಂದು ಪ್ರಶ್ನೆ ಎಷ್ಟೋ ಬಾವಿ ಕೊರೆಯುವ ಖರ್ಚು ಉಳಿಸುತ್ತದೆ. ಲೇಪನದ ಕಾರ್ಖಾನೆಯಲ್ಲಿ ಅನುಮಾನದ ಜಾಗಗಳು ಹೆಚ್ಚುಕಡಿಮೆ ಎಲ್ಲೆಡೆ ಒಂದೇ: ತೊಟ್ಟಿಗಳ ಸಾಲು, ನೆಲದಡಿಯ ಚರಂಡಿಯ ಕೀಲುಗಳು, ಆಮ್ಲದ ಕೋಣೆ, ಹಿಂಗೋಡೆಯ ಆಚೆಗಿನ ತಗ್ಗು. ಮಳೆ ಬಂದ ಮೇಲೆ ಹಳದಿ ಬಣ್ಣದ ನೀರು ನಿಂತರೆ ಅದು ಕ್ರೋಮೇಟಿನ (ಕ್ರೋಮಿಯಂನ ವಿಷದ ಲವಣ) ಗುರುತಾಗಿರಬಹುದು. ಬರಿಗೈಯಲ್ಲಿ ಮುಟ್ಟಬೇಡಿ.

ಇನ್ನೊಂದು ವಿಷಯ. ಪ್ರಯೋಗಾಲಯ ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುತ್ತದೆ. ‘ಒಟ್ಟು ಕ್ರೋಮಿಯಂ’ ಎಂದು ಬರೆದುಕೊಟ್ಟರೆ ಅಷ್ಟೇ ಬರುತ್ತದೆ. ಹೆಚ್ಚು ಅಪಾಯದ ಹೆಕ್ಸಾವೇಲೆಂಟ್ ಕ್ರೋಮಿಯಂ ಎಷ್ಟೆಂದು ಬೇರೆಯಾಗಿಯೇ ಕೇಳಬೇಕು. ಸಯನೈಡ್, ನಿಕ್ಕೆಲ್ ಜತೆಗೆ ಜಿಡ್ಡು ತೊಳೆಯಲು ಬಳಸುವ ಟ್ರೈಕ್ಲೋರೋಎಥಿಲೀನನ್ನೂ ಪಟ್ಟಿಗೆ ಸೇರಿಸಿ. ಜನ ಮರೆಯುವುದು ಇದನ್ನೇ. ಅದು ನೀರಿಗಿಂತ ಸುಮಾರು 1.46 ಪಟ್ಟು ಭಾರ, ಅಂತರ್ಜಲದಲ್ಲಿ ತಳಕ್ಕೆ ಇಳಿದು ಜೇಡಿಯ ಪದರದ ಮೇಲೆ ಕೂರುತ್ತದೆ. ಮುನ್ನೆಚ್ಚರಿಕೆಯಿಲ್ಲದೆ ಆ ಜೇಡಿಯನ್ನು ತೂತು ಮಾಡಿದರೆ ವಿಷಕ್ಕೆ ಕೆಳಗಿನ ಜಲಪದರದ ದಾರಿಯನ್ನು ನಾವೇ ತೆರೆದಂತೆ. ಅಲ್ಲಿ ಕೊರೆಯಲೇಬೇಕಾದರೆ ಮೊದಲು ಕೇಸಿಂಗ್ ಇಳಿಸಿ, ಸುತ್ತ ಬೆಂಟೊನೈಟ್ (ನೀರು ಹೀರಿ ಉಬ್ಬುವ ಜೇಡಿ) ತುಂಬಿ, ಆಮೇಲೆ ಕೊರೆಯಬೇಕು.

ಪ್ರಶ್ನೆ: ಒಂದು ಎಕರೆಗೆ ಎಷ್ಟು ಕಡೆ, ಎಷ್ಟು ಆಳಕ್ಕೆ ಅಗೆಯಬೇಕು?

ಉತ್ತರ: ಅನುಮಾನದ ಜಾಗಗಳು ಮೊದಲು, ಉಳಿದ ಕಡೆ ಚೌಕಮನೆ. 10 ಮೀಟರಿಗೊಂದು ಬಿಂದು ಹಿಡಿದರೆ ಎಕರೆಗೆ ಸುಮಾರು 40 ಗುಂಡಿ ಆಗುತ್ತವೆ. ಈ ಜಾಲದಲ್ಲಿ ಸುಮಾರು 12 ಮೀಟರ್ ಅಡ್ಡಳತೆಯ ವಿಷದ ಮಚ್ಚೆ ಸಿಕ್ಕಿಬೀಳುವ ಸಂಭವ ನೂರಕ್ಕೆ 95. ಖರ್ಚು ಉಳಿಸಲು 20 ಮೀಟರಿಗೆ ಹೋದರೆ 24 ಮೀಟರಿನ ಮಚ್ಚೆಗಷ್ಟೇ ಆ ಭರವಸೆ, ಚಿಕ್ಕದು ನುಸುಳಿಕೊಳ್ಳಬಹುದು. ಹಾಗಾಗಿ ‘ಎಷ್ಟು ದೊಡ್ಡ ಮಚ್ಚೆ ತಪ್ಪಿಹೋದರೆ ನಮಗೆ ನಡೆಯುತ್ತದೆ?’ ಎಂದು ಮೊದಲೇ ತೀರ್ಮಾನಿಸಿ.

ಮೈದಾನಕ್ಕಾದರೆ ಮೇಲಿನ 10 ಸೆಂಟಿಮೀಟರ್ ಬೇರೆ ಮಾದರಿಯಾಗಿಯೇ ಬೇಕು. ಧೂಳು, ಮಣ್ಣಿನ ಕೈ, ಬಾಯಿ ಎಲ್ಲ ಅಲ್ಲಿಂದಲೇ. ಮಗು ದಿನಕ್ಕೆ 100 ಮಿಲಿಗ್ರಾಂನಷ್ಟು ಮಣ್ಣು ನುಂಗುತ್ತದೆ ಎಂದು ಅಪಾಯದ ಲೆಕ್ಕಾಚಾರಗಳಲ್ಲಿ ಹಿಡಿಯುವುದುಂಟು. ಅರ್ಧ ಮೀಟರಿನಲ್ಲಿ ಇನ್ನೊಂದು ಮಾದರಿ, ತುಂಬಿದ ಮಣ್ಣು ಮುಗಿದು ಮೂಲ ನೆಲ ಸಿಗುವ ಗೆರೆಯಲ್ಲಿ ಮತ್ತೊಂದು. ಇಪ್ಪತ್ತಕ್ಕೊಂದರಂತೆ ಅದೇ ಮಣ್ಣಿನ ಜೋಡಿ ಮಾದರಿಯನ್ನು ಬೇರೆ ಸಂಖ್ಯೆ ಕೊಟ್ಟು ಕಳಿಸಿ. ಎರಡರ ಉತ್ತರ ಎಲ್ಲೋ ಎಲ್ಲೋ ಬಂದರೆ ತಪ್ಪು ಮಾದರಿ ತೆಗೆದ ಕೈಯದೋ ಪ್ರಯೋಗಾಲಯದ್ದೋ ಹುಡುಕಬೇಕು. ಗುಂಡಿಯಿಂದ ಗುಂಡಿಗೆ ಕರಣೆ ತೊಳೆಯದಿರುವುದೇ ಎಷ್ಟೋ ಸಲ ಕಾರಣವಾಗಿರುತ್ತದೆ.

ಪ್ರಶ್ನೆ: ಹಳೇ ಪೆಟ್ರೋಲ್ ಬಂಕಿನ ಟ್ಯಾಂಕು ತೆಗೆದ ಜಾಗದಲ್ಲಿ ಸಮುದಾಯ ಭವನ ಕಟ್ಟುತ್ತಿದ್ದೇವೆ. ಮಣ್ಣಿನಲ್ಲಿ ಬೆಂಜೀನ್ (ಪೆಟ್ರೋಲಿನಲ್ಲಿರುವ ವಿಷ) ಇಲ್ಲ ಎಂದು ವರದಿ. ಆದರೆ ಪಕ್ಕದ ಬಾವಿಯ ನೀರು ವಾಸನೆ ಹೊಡೆಯುತ್ತದೆ. ಹೇಗೆ?

ಉತ್ತರ: ಮೂಗು ಹೇಳಿದ್ದನ್ನು ನಂಬಿ, ಆ ನೀರು ಕುಡಿಯುವುದನ್ನು ಇವತ್ತೇ ನಿಲ್ಲಿಸಿ. ಮಣ್ಣನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಜೀಪಿನ ಹಿಂದೆ ಬಿಸಿಲಲ್ಲಿ ಇಟ್ಟಿದ್ದರೆ ಪ್ರಯೋಗಾಲಯ ತಲುಪುವಷ್ಟರಲ್ಲಿ ಬೆಂಜೀನ್ ಹಾರಿಹೋಗಿರುತ್ತದೆ. ಅಗೆದ ಕೂಡಲೇ ಸುಮಾರು 5 ಗ್ರಾಂ ಮಣ್ಣನ್ನು ಮೆಥನಾಲ್ ಇರುವ ಗಾಜಿನ ಸೀಸೆಗೆ ಹಾಕಿ ಮುಚ್ಚಬೇಕು. ಮಂಜುಗಡ್ಡೆಯ ಪೆಟ್ಟಿಗೆಯಲ್ಲಿ 4 ಡಿಗ್ರಿಯ ಆಸುಪಾಸಿನಲ್ಲಿಟ್ಟು ಸಾಗಿಸಬೇಕು. ಯಾರು ಯಾವಾಗ ಯಾರ ಕೈಗೆ ಕೊಟ್ಟರು ಎಂಬ ಚೀಟಿಯೂ ಜತೆಗಿರಲಿ.

ಬೆಂಜೀನಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕುಡಿಯುವ ನೀರಿನ ಮಾರ್ಗಸೂಚಿ ಲೀಟರಿಗೆ 10 ಮೈಕ್ರೋಗ್ರಾಂ. ಆ ಲೆಕ್ಕದಲ್ಲಿ ಒಂದೇ ಲೀಟರ್ ಬೆಂಜೀನ್ ಎಂಟೂವರೆ ಕೋಟಿ ಲೀಟರಿಗೂ ಹೆಚ್ಚು ನೀರನ್ನು ಮಿತಿಗೆ ಮುಟ್ಟಿಸಬಲ್ಲದು.

ಕನಿಷ್ಠ ಮೂರು ವೀಕ್ಷಣಾ ಬಾವಿ ಬೇಕು, ಒಂದೇ ಸಾಲಿನಲ್ಲಲ್ಲ, ತ್ರಿಕೋನವಾಗಿ. ಮೂರರ ಬಾಯಿಯ ಮಟ್ಟವನ್ನೂ ಒಂದೇ ಆಧಾರದಿಂದ ಅಳೆದು, ಬಾಯಿಯಿಂದ ನೀರು ಎಷ್ಟು ಕೆಳಗಿದೆ ಎಂದು ನೋಡಿದರೆ ಅದು ಯಾವ ಕಡೆ ಹರಿಯುತ್ತಿದೆ ಎಂಬುದು ಗೊತ್ತಾಗುತ್ತದೆ. ಪೆಟ್ರೋಲ್ ನೀರಿನ ಮೇಲೆ ತೇಲುವುದರಿಂದ ಬಾವಿಯ ಜಾಲರಿ ಪೈಪು ನೀರಿನ ಮಟ್ಟದ ಮೇಲಕ್ಕೂ ಕೆಳಕ್ಕೂ ಚಾಚಿರಬೇಕು. ಜಾಲರಿ ಪೂರ್ತಿ ನೀರಿನೊಳಗೆ ಮುಳುಗಿದ್ದರೆ ತೇಲುವ ಪದರ ಬಾವಿಯೊಳಗೆ ಬರುವುದೇ ಇಲ್ಲ, ವರದಿಯೂ ಚೊಕ್ಕವಾಗಿ ಕಾಣುತ್ತದೆ!

ಭವನದ ನೀರಿನ ಪೈಪಿನ ಕಡೆಗೂ ಗಮನವಿರಲಿ. ಪಾಲಿಎಥಿಲೀನ್ ಪೈಪಿನ ಗೋಡೆಯನ್ನೇ ಹಾದು ಪೆಟ್ರೋಲಿನ ಅಂಶ ನಲ್ಲಿ ನೀರಿಗೆ ಸೇರಬಲ್ಲದು. ಪೈಪು ಒಡೆದಿರಬೇಕಿಲ್ಲ. ಇಂಥ ನೆಲದಲ್ಲಿ ಅಲ್ಯೂಮಿನಿಯಂ ಪದರವಿರುವ ಪೈಪು ಹಾಕಿ.

ಪ್ರಶ್ನೆ: ಮಲಿನ ಮಣ್ಣಿನ ಮೇಲೆ ಒಳ್ಳೇ ಮಣ್ಣು ಹೊದಿಸಿದರೆ ಸಾಲದೇ? ಪೂರ್ತಿ ತೆಗೆಯಲೇಬೇಕೇ?

ಉತ್ತರ: ಲೋಹಗಳ ವಿಷಯದಲ್ಲಿ ಹೊದಿಕೆ ಬಹಳ ಸಲ ಸಾಕಾಗುತ್ತದೆ. ತೆಗೆಯುವುದರ ಭಾರ ಎಷ್ಟೆಂದು ನೋಡಿ. ಒಂದು ಎಕರೆ ಎಂದರೆ 4047 ಚದರ ಮೀಟರ್. 60 ಸೆಂಟಿಮೀಟರ್ ತೆಗೆದರೆ ಸುಮಾರು 2430 ಘನ ಮೀಟರ್, ತೂಕ 4100 ಟನ್ನಿನ ಆಸುಪಾಸು. ಹತ್ತು ಟನ್ನಿನ ಲಾರಿಗೆ 410 ಸಲ. ಅಗೆದ ಮಣ್ಣು ಉಬ್ಬಿ 20ರಿಂದ 30 ಶೇಕಡಾ ಹೆಚ್ಚು ಜಾಗ ಹಿಡಿಯುತ್ತದೆ. ಟೆಂಡರಿನಲ್ಲಿ ಘನ ಮೀಟರಿನ ದರ ಗುಂಡಿಯ ಅಳತೆಗೋ ಲಾರಿಯ ಅಳತೆಗೋ ಎಂದು ಬರೆಯದಿದ್ದರೆ ಜಗಳ ಅಲ್ಲೇ ಶುರು. ಅಷ್ಟೂ ಲಾರಿಗೆ ತಾಡಪಾಲು ಹೊದಿಸಬೇಕು, ಚಕ್ರ ತೊಳೆಯಬೇಕು. ಇಲ್ಲದಿದ್ದರೆ ಒಂದು ಎಕರೆಯ ವಿಷ ಊರೆಲ್ಲ ಹರಡುತ್ತದೆ.

ಹೊದಿಸುವುದಾದರೆ ಕೆಳಗೆ ಮುಂದೆ ಅಗೆಯುವವರಿಗೆ ಎಚ್ಚರಿಕೆಯಾಗುವಂತೆ ಕಣ್ಣಿಗೆ ಹೊಡೆಯುವ ಬಣ್ಣದ ಜಿಯೋಟೆಕ್ಸ್‌ಟೈಲ್ (ನೆಲಕ್ಕೆ ಹಾಸುವ ಗಟ್ಟಿ ಬಟ್ಟೆ), ಅದರ ಮೇಲೆ 60 ಸೆಂಟಿಮೀಟರಿನಿಂದ 1 ಮೀಟರಿನಷ್ಟು ಪರೀಕ್ಷಿಸಿದ ಮಣ್ಣು. ತಂದ ಮಣ್ಣನ್ನೂ ಪರೀಕ್ಷಿಸಿ, ‘ಒಳ್ಳೇ ಮಣ್ಣು’ ಎಂಬುದು ಮಾರುವವರ ಮಾತು. ಹೊದಿಕೆ ಇದೆ ಎಂಬುದು ಜಾಗದ ಕಾಗದಪತ್ರದಲ್ಲೂ ದಾಖಲಾಗಬೇಕು. ಅಮೆರಿಕದ ನಯಾಗರಾ ಫಾಲ್ಸ್ ನಗರದ ಲವ್ ಕೆನಾಲ್‌ನಲ್ಲಿ ರಾಸಾಯನಿಕ ತ್ಯಾಜ್ಯ ತುಂಬಿ ಜೇಡಿ ಮುಚ್ಚಿದ ಜಾಗ 1953ರಲ್ಲಿ ಒಂದು ಡಾಲರಿಗೆ ಶಾಲಾ ಮಂಡಳಿಯ ಕೈ ಸೇರಿತು. ಆ ಮೇಲೆ ರಸ್ತೆ, ಒಳಚರಂಡಿ ಕೆಲಸಗಳು ಜೇಡಿಯ ಹೊದಿಕೆಯನ್ನು ಸೀಳಿದವು. 1978ರಲ್ಲಿ ತುರ್ತುಸ್ಥಿತಿ ಘೋಷಿಸಿ ಜನರನ್ನು ಅಲ್ಲಿಂದ ಸ್ಥಳಾಂತರಿಸಬೇಕಾಯಿತು. ಜಾಗ ಕೊಟ್ಟ ಪತ್ರದಲ್ಲಿ ತ್ಯಾಜ್ಯದ ಪ್ರಸ್ತಾಪ ಇದ್ದೂ ಹೀಗಾಯಿತು.

ಡೀಸೆಲ್ ಬಿದ್ದ ಮಣ್ಣಾದರೆ ಹೊರಗೆ ಸಾಗಿಸದೆಯೂ ಗುಣಪಡಿಸಬಹುದು. ಒಂದೆರಡು ಮೀಟರ್ ಎತ್ತರದ ರಾಶಿ ಹಾಕಿ, ತಳಕ್ಕೆ ಹಾಳೆ ಹಾಸಿ, ತೂತಿನ ಪೈಪಿನಿಂದ ಗಾಳಿ ಆಡಿಸಿ. ಇಂಗಾಲ, ಸಾರಜನಕ, ರಂಜಕದ ಪ್ರಮಾಣ ಸುಮಾರು 100:10:1 ಇರಲಿ. ತೇವ ಆರಿದರೆ ಡೀಸೆಲ್ ತಿನ್ನುವ ಸೂಕ್ಷ್ಮಾಣುಗಳು ಕೆಲಸ ನಿಲ್ಲಿಸುತ್ತವೆ, ನೀರು ಹೆಚ್ಚಾದರೆ ಗಾಳಿ ಸಿಗದೆ ಮತ್ತೂ ಬೇಗ ನಿಲ್ಲಿಸುತ್ತವೆ.

ಪ್ರಶ್ನೆ: ಕಸ ತುಂಬಿ ಮುಚ್ಚಿದ ಹಳೇ ಕ್ವಾರಿಯ ಪಕ್ಕ ಮನೆ ಕಟ್ಟಬಹುದೇ? ಗ್ಯಾಸ್ ಒಮ್ಮೆ ಅಳೆಸಿದ್ದೇವೆ, ಸೊನ್ನೆ ಬಂತು.

ಉತ್ತರ: ಯಾವ ದಿನ ಅಳೆದಿರಿ ಎಂಬುದೇ ಪ್ರಶ್ನೆ. ವಾಯುಭಾರ ಏರಿದ ದಿನ ನೆಲ ಗಾಳಿಯನ್ನು ಒಳಗೆಳೆಯುತ್ತದೆ, ಕುಸಿದ ದಿನ ಕಸ ಕೊಳೆತು ಹುಟ್ಟುವ ಮೀಥೇನನ್ನು ಹೊರಗೆ ಉಸಿರುತ್ತದೆ. ಇಂಗ್ಲೆಂಡಿನ ಲಾಸ್ಕೋ ಎಂಬಲ್ಲಿ 1986ರ ಮಾರ್ಚ್ 24ರಂದು ವಾಯುಭಾರ ರಭಸದಿಂದ ಕುಸಿದ ಹೊತ್ತಿನಲ್ಲೇ ಕಸದ ಗುಂಡಿಯ ಅನಿಲ ಸೇರಿ ಒಂದು ಮನೆ ಸಿಡಿಯಿತು. ಗಾಳಿಯಲ್ಲಿ ಮೀಥೇನ್ 5ರಿಂದ 15 ಶೇಕಡಾ ಇದ್ದರೆ ಒಂದು ಕಿಡಿ ಸಾಕು. ತಿಂಗಳುಗಟ್ಟಲೆ, ವಾಯುಭಾರ ಇಳಿಯುವ ದಿನಗಳನ್ನು ಆರಿಸಿ, ಪ್ರಮಾಣದ ಜತೆ ಹರಿವನ್ನೂ ಅಳೆಸಿ. ಅಲ್ಲಿಯವರೆಗೆ ಅಡಿಪಾಯ ಹಾಕಬೇಡಿ.

ಪ್ರಶ್ನೆ: ಸೂರ್ಯಕಾಂತಿ ಬೆಳೆದರೆ ಮಣ್ಣಿನ ಸೀಸ ಹೋಗುತ್ತದಂತೆ, ನಿಜವೇ?

ಉತ್ತರ: ಹೋಗುವುದು ಅತಿ ನಿಧಾನ, ದಶಕಗಳ ಲೆಕ್ಕ. ಕಿತ್ತ ಗಿಡವನ್ನೂ ವಿಷದ ಕಸವೆಂದೇ ಹಿಡಿಯಬೇಕು, ಗೊಬ್ಬರದ ಗುಂಡಿಗೆ ಹಾಕುವಂತಿಲ್ಲ. ಸೀಸವನ್ನು ಇದ್ದಲ್ಲೇ ಕಟ್ಟಿಹಾಕಲು ಫಾಸ್ಫೇಟ್ ಬೆರೆಸುವುದು ಹೆಚ್ಚು ಕೆಲಸಕ್ಕೆ ಬರುತ್ತದೆ. ಆದರೆ ಅದಕ್ಕೂ ಮೊದಲು ಆರ್ಸೆನಿಕ್ ಇದೆಯೇ ಎಂದು ನೋಡಿಕೊಳ್ಳಿ. ಫಾಸ್ಫೇಟ್ ಆರ್ಸೆನಿಕ್ಕನ್ನು ಮಣ್ಣಿನ ಹಿಡಿತದಿಂದ ಬಿಡಿಸಿ ನೀರಿಗೆ ತಳ್ಳುತ್ತದೆ.