ಗೋದಲಿಯ ಪೆಟ್ಟಿಗೆ ಮಾವನ ಮಂಚದ ಕೆಳಗಿದೆ

ಈ ಪತ್ರ ಓದಿದ ಮೇಲೆ ಎರಡು ದಿನ ನನ್ನಿಂದ ಬೇರೆ ಯಾವ ಪತ್ರಕ್ಕೂ ಉತ್ತರ ಬರೆಯಲಾಗಲಿಲ್ಲ. ಬರೆದವರು ಒಬ್ಬ ಸೊಸೆ. ಜನವರಿ ಅರ್ಧ ಕಳೆದರೂ ಮಾವ ಕ್ರಿಸ್ಮಸ್ ಗೋದಲಿಯನ್ನು, ಅಂದರೆ ಯೇಸುವಿನ ಜನನದ ಬೊಂಬೆಗಳನ್ನು ಜೋಡಿಸಿದ ಪುಟ್ಟ ಕೊಟ್ಟಿಗೆಯನ್ನು, ತೆಗೆಯಲು ಬಿಡುತ್ತಿಲ್ಲ. ಕೈಹಾಕಿದರೆ "ಇರಲಿ ಬಿಡಮ್ಮ" ಎನ್ನುತ್ತಾರೆ. ಮೂಲೆ ಧೂಳು ಹಿಡಿಯುತ್ತಿದೆ, ಬಂದವರು ಕೇಳುತ್ತಾರೆ. ನಾದಿನಿ ದಿನವೂ ಫೋನ್ ಮಾಡಿ, ಜನವರಿ 6 ದಾಟಿದರೂ ಗೋದಲಿ ಮನೆಯಲ್ಲಿದ್ದರೆ ಕೇಡು, ಒಂದು ಸಾವು ಸಾಲದೇ ಎನ್ನುತ್ತಾರೆ. ಗಂಡ ಮಾತನಾಡುವುದಿಲ್ಲ. ಮಾವನಿಗೆ ಹೇಗೆ ಬುದ್ಧಿ ಹೇಳಲಿ ಎಂದು ಇವರು ಕೇಳಿದ್ದಾರೆ.

ತಂಗೀ, ನಿಮ್ಮ ಪತ್ರದ ಮೂರನೆಯ ಪುಟದಲ್ಲಿ, ಧೂಳಿನ ಮಾತಿನ ನಡುವೆ ಒಂದು ಸಾಲಿದೆ: "ಪ್ರತಿ ವರ್ಷ ಅತ್ತೆಯೇ ಎಲ್ಲವನ್ನೂ ಬಟ್ಟೆಯಲ್ಲಿ ಸುತ್ತಿ ಇಡುತ್ತಿದ್ದರು, ಅಕ್ಟೋಬರಿನಲ್ಲಿ ಅವರು ತೀರಿಕೊಂಡರು, ಆ ಪೆಟ್ಟಿಗೆಯನ್ನೂ ಮಾವ ತಮ್ಮ ಮಂಚದ ಕೆಳಗೆ ಇಟ್ಟುಕೊಂಡಿದ್ದಾರೆ." ಇಷ್ಟು ಹೇಳಿ ಮತ್ತೆ ಧೂಳಿಗೆ ಹೋಗಿದ್ದೀರಿ.

ಆ ಪೆಟ್ಟಿಗೆಯಲ್ಲಿ ಏನಿದೆ ಎಂದು ಯೋಚಿಸಿದ್ದೀರಾ? ಕುರಿಗೊಂದು, ಒಂಟೆಗೊಂದು, ಮರಿಯಳಿಗೊಂದು ಎಂದು ಹೋದ ಜನವರಿಯಲ್ಲಿ ಆಕೆ ಮಡಿಸಿದ ಬಟ್ಟೆಯ ತುಂಡುಗಳಿವೆ. ಈ ಡಿಸೆಂಬರಿನಲ್ಲಿ ಅವನ್ನು ಬಿಚ್ಚಿದವರು ಮಾವನೇ ಇರಬೇಕು. ಬಿಚ್ಚುವುದು ಅವರಿಗೆ ಗೊತ್ತಿತ್ತು. ಸುತ್ತಿಡುವ ಕೆಲಸಕ್ಕೆ ಅವರು ಎಂದೂ ಕೈಹಾಕಿದವರಲ್ಲ, ಅದು ಆಕೆಯದು. ಹಬ್ಬವನ್ನು ಕಟ್ಟುವವರ ಸುತ್ತ ಮನೆಯವರೆಲ್ಲ ನಿಲ್ಲುತ್ತಾರೆ, ಎತ್ತಿಡುವಾಗ ಒಬ್ಬಳೇ ಹೆಂಗಸು ಇರುತ್ತಾಳೆ ಎಂದು ಈ ಅಂಕಣದಲ್ಲಿ ನಾನು ಹಿಂದೆಯೂ ಬರೆದಿದ್ದೇನೆ. ಇನ್ನೂ ಬರೆಯುತ್ತೇನೆ. ನಿಮ್ಮ ಮನೆಯಲ್ಲಿ ಆ ಒಬ್ಬಳು ಈಗ ಇಲ್ಲ.

ನಿಮ್ಮ ನಾದಿನಿಯ ಮೇಲೆ ನನಗೆ ನಿಜಕ್ಕೂ ಸಿಟ್ಟು ಬಂದಿದೆ. ತಾಯಿ ಸತ್ತ ಮನೆಗೆ ಫೋನ್ ಮಾಡಿ ಇನ್ನೊಂದು ಸಾವಿನ ಹೆದರಿಕೆ ಹಾಕುವುದು ಕ್ರೌರ್ಯ. ಆಕೆಯ ಮಾತಿಗೆ ಬೈಬಲಿನಲ್ಲಿ ಬುಡವೂ ಇಲ್ಲ. ಜನವರಿ 6 ಬಾಲಯೇಸುವನ್ನು ಕಾಣಲು ಬಂದ ಮೂರು ರಾಯರ ಹಬ್ಬ, ಅಲಂಕಾರ ಇಳಿಸುವ ಗಡುವಲ್ಲ. ಕಥೋಲಿಕ ಪಂಚಾಂಗದಲ್ಲಿ ಕ್ರಿಸ್ಮಸ್ ಕಾಲ ಮುಗಿಯುವುದೇ ಅದರ ನಂತರ ಬರುವ ಪ್ರಭುವಿನ ದೀಕ್ಷಾಸ್ನಾನದ ಹಬ್ಬಕ್ಕೆ. ಅದಕ್ಕೂ ಹಳೆಯ ಲೆಕ್ಕ ಬೇರೊಂದಿದೆ: ಡಿಸೆಂಬರ್ 25ರಿಂದ ಎಣಿಸಿದರೆ 40ನೆಯ ದಿನ, ಫೆಬ್ರುವರಿ 2. ಬಾಲಯೇಸುವನ್ನು ದೇವಾಲಯದಲ್ಲಿ ಸಮರ್ಪಿಸಿದ ದಿನ ಅದು. ಚರ್ಚುಗಳಲ್ಲಿ ಮೇಣದ ಬತ್ತಿಗಳನ್ನು ಆಶೀರ್ವದಿಸುವುದೂ ಅಂದೇ. ಗೋದಲಿಯನ್ನು ಅಲ್ಲಿಯವರೆಗೆ ಇಡುವ ಮನೆಗಳು ಇಂದಿಗೂ ಬೇಕಾದಷ್ಟಿವೆ. ನಾದಿನಿ ಮತ್ತೆ ಫೋನ್ ಮಾಡಿದರೆ ನಿಮ್ಮ ಗಂಡ ಎತ್ತಿಕೊಂಡು ಇದನ್ನು ಹೇಳಲಿ. ಅವರ ತಂಗಿ, ಅವರೇ ಹೇಳಬೇಕು.

ಲೂಕನ ಶುಭಸಂದೇಶದ 2ನೆಯ ಅಧ್ಯಾಯವನ್ನು ಇನ್ನೊಮ್ಮೆ ಓದಿ. ಆ ದಿನ ಮಗುವನ್ನು ಎದುರುಗೊಂಡವರು ಇಬ್ಬರು. ಸಿಮೆಯೋನ ಎಂಬಾತ ಮಗುವನ್ನು ತೋಳಿನಲ್ಲಿ ಎತ್ತಿಕೊಂಡು, ಇನ್ನು ನನ್ನನ್ನು ಸಮಾಧಾನದಿಂದ ಕಳುಹಿಸಿಕೊಡು ಎಂದು ದೇವರನ್ನು ಕೇಳಿದ. ಅನ್ನ ಎಂಬಾಕೆ ಮದುವೆಯಾಗಿ ಏಳೇ ವರ್ಷ ಗಂಡನೊಡನೆ ಬಾಳಿ, ಆಮೇಲೆ ಮುಪ್ಪಿನವರೆಗೂ ವಿಧವೆಯಾಗಿ ದೇವಾಲಯವನ್ನು ಬಿಟ್ಟು ಕದಲದೆ ಇದ್ದವಳು. ಅವಳನ್ನು ಅಲ್ಲಿಂದ ಎಬ್ಬಿಸಲು ಯಾರೂ ಹೋಗಲಿಲ್ಲ. ನಿಮ್ಮ ಮಾವ ಆ ಮೂಲೆಯಲ್ಲಿ ಕುಳಿತಿರುವುದನ್ನು ನೆನೆದಾಗಲೆಲ್ಲ ನನಗೆ ಆಕೆಯೇ ಕಣ್ಣಿಗೆ ಬರುತ್ತಾಳೆ.

ನೀವು ಮಾಡಬೇಕಾದದ್ದು ಒಂದೇ. ಫೆಬ್ರುವರಿ 2ರ ಸಂಜೆಯವರೆಗೆ ಗೋದಲಿಯನ್ನು ಮುಟ್ಟಬೇಡಿ. ಅಂದು ಒಂದು ಮೇಣದ ಬತ್ತಿ ಹಚ್ಚಿ, "ಮಾವ, ಪೆಟ್ಟಿಗೆ ತನ್ನಿ, ಅತ್ತೆ ಯಾವುದನ್ನು ಯಾವ ಬಟ್ಟೆಯಲ್ಲಿ ಸುತ್ತುತ್ತಿದ್ದರು, ನನಗೆ ತೋರಿಸಿ" ಎಂದು ಕೇಳಿ. ಅವರಿಗೆ ನೆನಪಾಗದಿದ್ದರೆ ಇಬ್ಬರೂ ಸೇರಿ ಊಹಿಸಿ, ಮಡಿಕೆಗಳೇ ಹೇಳುತ್ತವೆ. ಬಾಲಯೇಸುವನ್ನು ಮಾತ್ರ ಮೊದಲು ಅವರ ಕೈಗೆ ಕೊಡಿ, ಎಷ್ಟು ಹೊತ್ತು ಹಿಡಿದುಕೊಂಡಿದ್ದರೂ ಅವಸರ ಮಾಡಬೇಡಿ. ಅಂದು ಅವರು ಬೇಡವೆಂದರೆ ಪೆಟ್ಟಿಗೆ ಮಂಚದ ಕೆಳಗೇ ಇರಲಿ, ಮುಂದಿನ ಭಾನುವಾರ ಇನ್ನೊಮ್ಮೆ ಕೇಳಿ.

ಆ ಬಟ್ಟೆಗಳನ್ನು ಒಗೆಯಲು ಹಾಕಬೇಡಿ.