ಆಕ್ಲೆಂಡ್‌ನಲ್ಲಿ ಚೊಚ್ಚಲ ಹೆರಿಗೆಗೆ ಮಿಡ್‌ವೈಫ್ ಸಾಕೇ, ಡಾಕ್ಟರೇ ಬೇಕೇ?

ಮೂರು ತಿಂಗಳು ತುಂಬಿದೆ, ಇಲ್ಲಿ ಮಿಡ್‌ವೈಫ್ ಗೊತ್ತುಮಾಡಿಕೊಳ್ಳಿ ಎನ್ನುತ್ತಾರೆ, ಆದರೆ ಮೈಸೂರಿನಲ್ಲಿರುವ ಅಮ್ಮ ‘ಸೂಲಗಿತ್ತಿಯನ್ನು ನಂಬಿ ಕೂರುತ್ತೀಯಾ’ ಎಂದು ಅಳುತ್ತಿದ್ದಾರೆ ಎಂದು ಬರೆದಿದ್ದೀರಿ. ನನ್ನ ಎರಡೂ ಹೆರಿಗೆ ಆಕ್ಲೆಂಡ್‌ನಲ್ಲೇ ಆದವು, ಎರಡಕ್ಕೂ ಒಬ್ಬರೇ ಮಿಡ್‌ವೈಫ್. ಧೈರ್ಯವಾಗಿ ಒಪ್ಪಿಕೊಳ್ಳಿ.

ನ್ಯೂಜಿಲೆಂಡ್‌ನಲ್ಲಿ 1990ರ ಕಾನೂನು ತಿದ್ದುಪಡಿಯಿಂದ ಮಿಡ್‌ವೈಫ್‌ಗಳಿಗೆ ಸ್ವತಂತ್ರವಾಗಿ ಕೆಲಸ ಮಾಡುವ ಅಧಿಕಾರವಿದೆ. ಅದಕ್ಕೆಂದೇ ಪದವಿ ಓದಿ ನೋಂದಾಯಿಸಿಕೊಂಡವರು ಅವರು. ರಕ್ತಪರೀಕ್ಷೆ, ಸ್ಕ್ಯಾನ್, ಔಷಧಿ ಬರೆದುಕೊಡುವುದರಿಂದ ಹೆರಿಗೆಯಾಗಿ ಆರು ವಾರದವರೆಗೆ ತಾಯಿ ಮಗುವನ್ನು ನೋಡಿಕೊಳ್ಳುವವರೆಗೂ ಅವರದೇ ಹೊಣೆ. ತೊಡಕು ಕಂಡರೆ ತಜ್ಞ ವೈದ್ಯರಿಗೆ ಒಪ್ಪಿಸುತ್ತಾರೆ. ಸೂಲಗಿತ್ತಿ ಎಂಬ ಮಾತೇ ಅಮ್ಮನಿಗೆ ಹಗುರವಾಗಿ ಕೇಳಿಸಿದರೆ, ನಮ್ಮ ಪಾವಗಡದ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದದ್ದನ್ನು ನೆನಪಿಸಿ.

ಮೊದಲ ಬಸಿರಿನ ಮೂವತ್ತಾರನೇ ವಾರ. ತಪಾಸಣೆಗೆ ಬಂದ ಮಿಡ್‌ವೈಫ್ ನನ್ನ ಕೈ ಹಿಡಿದು, ‘ಹೋದ ಸಲ ಈ ಉಂಗುರ ಸಡಿಲವಾಗಿತ್ತಲ್ಲ?’ ಎಂದರು. ಬಸುರಿಯ ಕೈಕಾಲು ಊದುವುದು ಸಹಜವೆಂದು ನಾನು ಸುಮ್ಮನಿದ್ದೆ. ರಕ್ತದೊತ್ತಡ ನೋಡಿದರೆ 150/100, ಮೂತ್ರದಲ್ಲಿ ಪ್ರೋಟೀನ್; ಬಸುರಿಯಲ್ಲಿ ಇವೆರಡೂ ಅಪಾಯದ ಸೂಚನೆ. ಅಂದೇ ಸಂಜೆ ಆಸ್ಪತ್ರೆಗೆ ಸೇರಿಸಿದರು. ಮುಂದಿನ ವಾರ ವೈದ್ಯರು ಔಷಧಿ ಕೊಟ್ಟು ನೋವು ಬರಿಸಿದಾಗ, ರಾತ್ರಿಯಿಡೀ ಬೆನ್ನು ನೀವುತ್ತ ಪಕ್ಕದಲ್ಲಿದ್ದವರು ಇದೇ ಹೆಂಗಸು. ಪ್ರತಿ ಸಲವೂ ಹೊಸಬರು ನೋಡಿದ್ದರೆ ರಕ್ತದೊತ್ತಡ ಗೊತ್ತಾಗುತ್ತಿತ್ತು, ನಿಜ. ಆದರೆ ನನ್ನ ಬೆರಳು ಮೊದಲು ಹೇಗಿತ್ತೆಂದು ಯಾರಿಗೆ ತಿಳಿದಿರುತ್ತಿತ್ತು? ನಾನು ಹೆದರಿದಾಗ ಮಾತು ಬಿಡುತ್ತೇನೆ, ಆಗ ಗದರಿಸಬಾರದು ಎಂಬುದು ಯಾರಿಗೆ ಗೊತ್ತಿರುತ್ತಿತ್ತು?

ಇದು ನನ್ನೊಬ್ಬಳ ಅನುಭವವಲ್ಲ. 18,000ಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದ ಪ್ರಯೋಗಗಳನ್ನು 2024ರಲ್ಲಿ ವೈದ್ಯಕೀಯ ಸಂಶೋಧನೆಗಳನ್ನು ಒರೆಹಚ್ಚುವ ಕಾಕ್ರೇನ್ ಸಂಸ್ಥೆ ಒಟ್ಟಿಗೆ ಪರಿಶೀಲಿಸಿತು. ಆರಂಭದಿಂದ ಕೊನೆಯವರೆಗೆ ಪರಿಚಿತ ಮಿಡ್‌ವೈಫ್‌ಗಳ ಆರೈಕೆ ಸಿಕ್ಕವರಲ್ಲಿ ಸಹಜ ಹೆರಿಗೆ ಶೇ 66ರಿಂದ 70ಕ್ಕೆ ಏರಿತ್ತು, ಸಿಸೇರಿಯನ್ ತುಸು ಕಡಿಮೆಯಾಗಿತ್ತು. ದೊಡ್ಡ ಅಂತರವಲ್ಲ, ಆದರೆ ನೂರಕ್ಕೆ ಹೆಚ್ಚಾದ ಆ ನಾಲ್ವರಲ್ಲಿ ನೀವೂ ಒಬ್ಬರಾಗಿರಬಹುದು.

ತಡಮಾಡಬೇಡಿ, ಒಳ್ಳೆಯವರು ಬೇಗ ಭರ್ತಿಯಾಗುತ್ತಾರೆ. ಅವರ ರಜೆಯ ದಿನ ನಿಮಗೆ ನೋವು ಬಂದರೆ ಬದಲಿಗೆ ಯಾರು ಬರುತ್ತಾರೆಂದು ಮೊದಲ ಭೇಟಿಯಲ್ಲೇ ಕೇಳಿ, ಅವರನ್ನೂ ಒಮ್ಮೆ ಕಂಡು ಬನ್ನಿ. ಆ ದಿನ ಅಮ್ಮನಿಗೂ ವೀಡಿಯೊ ಕರೆ ಮಾಡಿ. ಕೇಳಬೇಕಾದುದನ್ನೆಲ್ಲ ಅವರೇ ಕೇಳಲಿ.